ಸ್ಪೀಡ್ ಟೆಸ್ಟ್ ಪಾಸು, ಆಟ ಫೇಲು: ಪೆರ್ಲದ ಒಂದು ಗೇಮಿಂಗ್ ಕಂಪ್ಯೂಟರಿನ ವೈಫೈ ಪ್ರಕರಣ

ಮೊದಲು ದೂರು ಏನು ಅಂತ ಹೇಳಿಬಿಡುತ್ತೇನೆ. ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ ಒಂದು ಹಳೆ ಮನೆ. ಮನೆಯ ಹುಡುಗ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ವಾರದ ಕೊನೆಗೆ ಮನೆಗೆ ಬರುತ್ತಾನೆ. ಬಿಡಿಭಾಗ ಒಂದೊಂದೇ ಕೊಂಡು ತಾನೇ ಜೋಡಿಸಿದ ಒಳ್ಳೆ ಗೇಮಿಂಗ್ ಕಂಪ್ಯೂಟರ್ ಅವನದ್ದು. ಮನೆಗೆ ಫೈಬರ್ ಬಂದಿದೆ. ಆದರೆ ಜೂನ್‌ನಿಂದ ಈಚೆಗೆ ಆಡಲು ಕೂತರೆ ಆಟ ಆಗಾಗ ನಿಂತುಹೋಗುತ್ತಿತ್ತು. ಪರದೆಯ ಮೇಲೆ ಎಲ್ಲರೂ ನಿಂತಲ್ಲೇ ಓಡುತ್ತಿರುತ್ತಾರೆ, ಎರಡು ಮೂರು ಸೆಕೆಂಡಿನ ನಂತರ ಎಲ್ಲ ಒಮ್ಮೆಗೇ ಜಿಗಿದು ಎಲ್ಲೆಲ್ಲೋ ಇರುತ್ತಾರೆ, ಇವನು ಸತ್ತಿರುತ್ತಾನೆ. ನೂರು ಜನ ಒಂದೇ ದ್ವೀಪಕ್ಕೆ ಇಳಿದು ಹೊಡೆದಾಡುವ ಥರದ ಆಟ. ನಾಲ್ಕು ಜನರ ತಂಡ. ಒಬ್ಬ ಹೀಗೆ ಕೈಕೊಟ್ಟರೆ ಉಳಿದ ಮೂವರು ಸುಮ್ಮನಿರುತ್ತಾರಾ?

ನಾನು ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಕಂಪ್ಯೂಟರ್ ರಿಪೇರಿ ಮಾಡುವವನು. ಹುಡುಗನ ಅಪ್ಪ ನನಗೆ ಸಂಬಂಧದಲ್ಲಿ ಮಾವ, ಹಾಗಾಗಿ ಹುಡುಗ ನನ್ನನ್ನು ಭಾವ ಅಂತಲೇ ಕರೆಯುವುದು. ನನ್ನನ್ನು ಕರೆಸುವ ಹೊತ್ತಿಗೆ ಮನೆಯವರು ಮಾಡದ ಪ್ರಯೋಗ ಇರಲಿಲ್ಲ. ಪ್ಲಾನನ್ನು 100 ಎಂಬಿಪಿಎಸ್‌ನಿಂದ 200ಕ್ಕೆ ಏರಿಸಿದ್ದರು. ಕೇಬಲಿನವರನ್ನು ಕರೆಸಿ ಫೈಬರ್ ನೋಡಿಸಿದ್ದರು. ಅವರು ಮೀಟರ್ ಹಾಕಿ ನೋಡಿ, ಬೆಳಕು ಸರಿಯಾಗಿ ಬರುತ್ತಿದೆ ಅಂತ ತೋರಿಸಿ ಹೋಗಿದ್ದರು. ಹುಡುಗ ವಿಂಡೋಸ್ ಹೊಸದಾಗಿ ಹಾಕಿದ್ದ, ಡಿಎನ್‌ಎಸ್ ಬದಲಿಸಿದ್ದ, ವೈಫೈ ಕಾರ್ಡಿನ ಪವರ್ ಸೇವಿಂಗ್ ತೆಗೆದಿದ್ದ. ಪಿಂಗ್, ಅಂದರೆ ಕಳಿಸಿದ್ದಕ್ಕೆ ಉತ್ತರ ಬರಲು ಹಿಡಿಯುವ ಹೊತ್ತು, ಕಡಿಮೆ ಮಾಡುತ್ತೇವೆ ಅನ್ನುವ ಒಂದು ಆ್ಯಪಿಗೆ ತಿಂಗಳು ತಿಂಗಳು ದುಡ್ಡು ಬೇರೆ ಕಟ್ಟುತ್ತಿದ್ದ.

ಮನೆಯಲ್ಲಿ ಒಬ್ಬೊಬ್ಬರದ್ದು ಒಂದೊಂದು ವಾದ. ತೋಟದ ಪಂಪು ಸ್ಟಾರ್ಟ್ ಆಗುವಾಗ ವೋಲ್ಟೇಜು ಬಿದ್ದು ರೌಟರ್ ಆಫ್ ಆಗುತ್ತದೆ ಅನ್ನುವುದು ಮಾವನ ವಾದ. ಮಳೆಗಾಲದಲ್ಲಿ ತೋಟಕ್ಕೆ ಯಾರು ನೀರು ಬಿಡುತ್ತಾರೆ! ಆದರೂ ನೋಡೋಣ ಅಂತ ರೌಟರಿನ ಪುಟ ತೆರೆದು ಅಪ್‌ಟೈಮ್ ನೋಡಿದೆ. ವಾರಗಟ್ಟಲೆಯಿಂದ ಒಮ್ಮೆಯೂ ಆಫ್ ಆಗದೆ ಓಡುತ್ತಿತ್ತು. ಅಲ್ಲಿಗೆ ಆ ವಾದ ಮುಗಿಯಿತು. "ಮಳೆ ಬಂದ್ರೆ ಜಾಸ್ತಿ" ಅಂತ ಅಜ್ಜಿ ಹೇಳಿದರು, ಎಲ್ಲರೂ ನಕ್ಕರು. "ಭಾವ, ನೀವು ನಗಾಡ್ಬೇಡಿ, ಆಟದಲ್ಲಿ ಜೀಪು ಹತ್ತಿದ್ರೆ ಜಾಸ್ತಿ ಆಗ್ತದೆ" ಅಂತ ಹುಡುಗ ಹೇಳಿದ. ಅದಕ್ಕೂ ನಕ್ಕರು. ಈ ಎರಡು ಮಾತನ್ನೂ ನೆನಪಿಟ್ಟುಕೊಳ್ಳಿ.

ಇಂಥ ಕಡೆ ಹೋದಾಗ ನಾನು ಸ್ಪೀಡ್ ಟೆಸ್ಟ್ ಹಾಕುವುದಿಲ್ಲ. ಕಮಾಂಡ್ ಟೈಪ್ ಮಾಡುವ ಎರಡು ಕಪ್ಪು ಕಿಟಕಿ ತೆರೆದು ಎರಡರಲ್ಲೂ ನಿಲ್ಲದ ಪಿಂಗ್ ಹಾಕಿಡುತ್ತೇನೆ. ಒಂದು ಮನೆಯ ರೌಟರಿಗೆ, ಅಂದರೆ ಐಪಿಕಾನ್ಫಿಗ್ ಅಂತ ಟೈಪ್ ಮಾಡಿದಾಗ ಡಿಫಾಲ್ಟ್ ಗೇಟ್‌ವೇ ಎದುರು ಕಾಣುವ ವಿಳಾಸಕ್ಕೆ. ಇಲ್ಲಿ ಅದು 192.168.1.1. ಇನ್ನೊಂದು ಹೊರಗಿನ 8.8.8.8ಕ್ಕೆ, ಅದು ಗೂಗಲಿನ ಸರ್ವರ್. ಪಿಂಗ್ ಕಮಾಂಡಿನ ಕೊನೆಗೆ ಹೈಫನ್ ಹಾಕಿ ಟಿ ಅಂತ ಸೇರಿಸಿದರೆ ನಾವು ನಿಲ್ಲಿಸುವ ತನಕ ಅದು ಸೆಕೆಂಡಿಗೊಂದರಂತೆ ಹೋಗುತ್ತಲೇ ಇರುತ್ತದೆ. ಆಮೇಲೆ ಹುಡುಗನಿಗೆ ಆಡು ಅಂತ ಹೇಳಿ ನಾನು ಚಾ ಕುಡಿಯುತ್ತಾ ಕೂತೆ.

ಲೆಕ್ಕ ಸುಲಭ. ಆಟ ನಿಂತಾಗ ಹೊರಗಿನ ಪಿಂಗ್ ಮಾತ್ರ ಏರಿ ರೌಟರಿನದ್ದು ಸರಿ ಇದ್ದರೆ ತೊಂದರೆ ಮನೆಯಿಂದ ಹೊರಗೆ. ಆಗ ಕೇಬಲಿನವರಿಗೆ ಬೈಯಬಹುದು. ಎರಡೂ ಒಟ್ಟಿಗೆ ಏರಿದರೆ ತೊಂದರೆ ಕಂಪ್ಯೂಟರಿಗೂ ರೌಟರಿಗೂ ನಡುವೆ. ಎರಡೂ ಸರಿ ಇದ್ದು ಆಟ ಮಾತ್ರ ನಿಂತರೆ ಆ ಆಟದ ಸರ್ವರ್ ಅಥವಾ ಅಲ್ಲಿಗೆ ಹೋಗುವ ದಾರಿ. ಇಲ್ಲಿ ರೌಟರಿನ ಪಿಂಗ್ ಸಾಮಾನ್ಯವಾಗಿ 2ರಿಂದ 4 ಮಿಲಿಸೆಕೆಂಡ್ ಇದ್ದದ್ದು, ಆಟ ನಿಂತ ಕ್ಷಣಕ್ಕೆ ಸರಿಯಾಗಿ 180, 420, ಮತ್ತೆ ಟೈಮ್ಡ್ ಔಟ್, ಅಂದರೆ ಉತ್ತರವೇ ಇಲ್ಲ. ಹೊರಗಿನದ್ದೂ ಹಾಗೆಯೇ. ಕಂಪ್ಯೂಟರಿನಿಂದ ರೌಟರಿಗೆ ಮೂವತ್ತು ಅಡಿ. ಆ ಮೂವತ್ತು ಅಡಿಯಲ್ಲೇ ಪ್ಯಾಕೆಟ್, ಅಂದರೆ ಡೇಟಾದ ಸಣ್ಣ ಸಣ್ಣ ಕಟ್ಟು, ಕಳೆದುಹೋಗುತ್ತಿದ್ದರೆ ಪ್ಲಾನ್ ಏರಿಸಿ ಏನು ಪ್ರಯೋಜನ? ಡಿಎನ್‌ಎಸ್ ಬದಲಿಸಿಯೂ ಪ್ರಯೋಜನ ಇಲ್ಲ, ಅದು ಸರ್ವರಿನ ಹೆಸರು ಕೊಟ್ಟು ವಿಳಾಸ ಕೇಳುವ ಹೊತ್ತಿಗೆ ಮಾತ್ರ ಬೇಕು, ಆಟ ನಡೆಯುವಾಗ ಅದಕ್ಕೆ ಕೆಲಸವೇ ಇಲ್ಲ. ಆ ಪಿಂಗ್ ಆ್ಯಪು ಕೂಡ ಮನೆಯ ಹೊರಗಿನ ದಾರಿಯನ್ನು ಬದಲಿಸಬಹುದೇ ಹೊರತು ಚಾವಡಿಯಿಂದ ಹಿಂದಿನ ಕೋಣೆಗೆ ಬರುವ ದಾರಿಯನ್ನಲ್ಲ.

ಇನ್ನೊಂದು ಸುಳಿವು ಮನೆಯವರ ಕೈಯಲ್ಲೇ ಇತ್ತು, ಯಾರೂ ಗಮನಿಸಿರಲಿಲ್ಲ. ಪ್ಲಾನ್ 100 ಇದ್ದಾಗಲೂ ಹುಡುಗನ ಕಂಪ್ಯೂಟರಿನಲ್ಲಿ ಸ್ಪೀಡ್ ಟೆಸ್ಟ್ 85, 90 ತೋರಿಸುತ್ತಿತ್ತು. 200 ಮಾಡಿದ ಮೇಲೂ ಅಷ್ಟೇ. ರೌಟರಿನ ಎದುರು ಫೋನ್ ಹಿಡಿದರೆ 190 ದಾಟುತ್ತಿತ್ತು. ಹೊರಗಿನ ಪೈಪು ದೊಡ್ಡದು ಮಾಡಿದರೂ ಒಳಗೆ ಬರುವುದು ಅಷ್ಟೇ ಅಂದರೆ ಕಿರಿದಾಗಿರುವುದು ಒಳಗೇ ಅಲ್ವಾ?

"90 ಬರ್ತದಲ್ಲ ಭಾವ, ಆಟಕ್ಕೆ ಅಷ್ಟು ಸಾಲದಾ?" ಅಂತ ಅವನ ಪ್ರಶ್ನೆ. ಧಾರಾಳ ಸಾಕು. ಇಂಥ ಆಟಕ್ಕೆ 1 ಎಂಬಿಪಿಎಸ್ ಕೂಡ ಪೂರ್ತಿ ಬೇಡ. ಆದರೆ ಸ್ಪೀಡ್ ಟೆಸ್ಟ್ ಅಳೆಯುವುದೇ ಬೇರೆ. ಕುಂಬಳೆಯಿಂದ ಬದಿಯಡ್ಕಕ್ಕೆ ಇಡೀ ದಿನದಲ್ಲಿ ಬಸ್ಸುಗಳು ಎಷ್ಟು ಜನರನ್ನು ಸಾಗಿಸಿದವು ಅನ್ನುವುದು ಒಂದು ಲೆಕ್ಕ, ಎಂಟೂವರೆಯ ಬಸ್ಸು ಎಂಟೂವರೆಗೆ ಬಂತಾ ಅನ್ನುವುದು ಇನ್ನೊಂದು. ಸ್ಪೀಡ್ ಟೆಸ್ಟ್ ಮೊದಲನೆಯ ಲೆಕ್ಕ ಹೇಳುತ್ತದೆ, ಆಟಕ್ಕೆ ಬೇಕಾದದ್ದು ಎರಡನೆಯದು. ಟೆಸ್ಟ್ ಓಡುವ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಅರ್ಧ ಸೆಕೆಂಡ್ ಎಲ್ಲ ನಿಂತುಹೋದರೂ ಸರಾಸರಿಯಲ್ಲಿ ಅದು ಮುಚ್ಚಿಹೋಗುತ್ತದೆ. ಆಟದಲ್ಲಿ ಆ ಅರ್ಧ ಸೆಕೆಂಡಿನಲ್ಲಿ ತಲೆ ಹೋಗುತ್ತದೆ. ಫೋನಿನಲ್ಲಿ ವಿಡಿಯೋ ಸರಿಯಾಗಿ ಬರುತ್ತದಲ್ಲ ಅನ್ನುವುದಕ್ಕೂ ಇದೇ ಉತ್ತರ. ವಿಡಿಯೋ ಮುಂದಿನ ಭಾಗವನ್ನು ಮೊದಲೇ ತುಂಬಿಸಿಟ್ಟುಕೊಂಡಿರುತ್ತದೆ, ನಡುವೆ ಸ್ವಲ್ಪ ಹೊತ್ತು ಏನೂ ಬರದಿದ್ದರೂ ನಮಗೆ ಗೊತ್ತಾಗುವುದಿಲ್ಲ. ಆಟದಲ್ಲಿ ಮುಂದಿನದ್ದನ್ನು ತುಂಬಿಸಿಡುವುದು ಹೇಗೆ? ಎದುರಾಳಿ ಇನ್ನೂ ಗುಂಡೇ ಹೊಡೆದಿಲ್ಲ.

ಸರ್ವರ್ ದೂರ ಇದೆ ಅನ್ನುವ ಮಾತೂ ಬಂತು. ದೂರ ಇದ್ದರೆ ಪಿಂಗ್ ಜಾಸ್ತಿ ಇರುತ್ತದೆ ನಿಜ. ಫೈಬರಿನಲ್ಲಿ ಬೆಳಕಿಗೆ 1000 ಕಿಲೋಮೀಟರ್ ಹೋಗಲು ಸುಮಾರು 5 ಮಿಲಿಸೆಕೆಂಡ್ ಬೇಕು. ಆದರೆ ಆ ದೂರ ದಿನವೂ ಅಷ್ಟೇ ಇರುತ್ತದೆ. ಒಂದೇ ಸಮ ಜಾಸ್ತಿ ಇರುವುದು ಬೇರೆ, ಕುಣಿಯುವುದು ಬೇರೆ. ಇಲ್ಲಿ ಕುಣಿಯುತ್ತಿತ್ತು.

ಸರಿ, ಮೂವತ್ತು ಅಡಿಯಲ್ಲಿ ಏನಾಗುತ್ತಿದೆ? ವಿಂಡೋಸ್‌ನಲ್ಲಿ ವೈಫೈ ವರದಿ ತಯಾರಿಸುವ ಒಂದು ಕಮಾಂಡ್ ಇದೆ, ನೆಟ್‌ಶೆಲ್ ಕಮಾಂಡುಗಳ ಗುಂಪಿನದ್ದು. ಅಡ್ಮಿನ್ ಆಗಿ ಓಡಿಸಿದರೆ ಹಿಂದಿನ ಮೂರು ದಿನದಲ್ಲಿ ವೈಫೈ ಯಾವಾಗ ಹಿಡಿಯಿತು, ಯಾವಾಗ ಬಿಟ್ಟಿತು, ಯಾಕೆ ಬಿಟ್ಟಿತು ಅಂತ ಗ್ರಾಫ್ ಸಮೇತ ಒಂದು ಪುಟ ಮಾಡಿಕೊಡುತ್ತದೆ. ಇಷ್ಟು ಒಳ್ಳೆಯ ವಸ್ತುವನ್ನು ಯಾಕೆ ಹೀಗೆ ಅಡಗಿಸಿಟ್ಟಿದ್ದಾರೋ. ಆ ಪುಟದಲ್ಲಿ ಕಂಡದ್ದು: ಕಂಪ್ಯೂಟರ್ ಒಮ್ಮೆ 5 ಗಿಗಾಹರ್ಟ್ಸ್‌ಗೆ, ಒಮ್ಮೆ 2.4ಕ್ಕೆ ಹಾರುತ್ತಿತ್ತು. ಇವು ವೈಫೈ ಓಡುವ ಎರಡು ರೇಡಿಯೋ ಬ್ಯಾಂಡುಗಳು. ರೌಟರಿನಲ್ಲಿ ಎರಡಕ್ಕೂ ಒಂದೇ ಹೆಸರು, ಯಾವುದು ಬೇಕೋ ನೀನೇ ಆರಿಸಿಕೋ ಅಂತ ಬಿಟ್ಟ ಹಾಗೆ. ಮಳೆ ಜೋರಾದ ಸಂಜೆಗಳಲ್ಲಿ ಬಹುತೇಕ 2.4ರಲ್ಲೇ ಇತ್ತು.

ಅಜ್ಜಿಯ ಮಾತಿಗೆ ಇಲ್ಲಿ ಅರ್ಥ ಬಂತು. ಹಳೆ ಮನೆ, ಮುರಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ರೌಟರ್ ಇರುವುದು ಚಾವಡಿಯ ಶೋಕೇಸಿನಲ್ಲಿ, ಟಿವಿಯ ಹಿಂದೆ. ಹುಡುಗನ ಕೋಣೆ ಹಿಂದೆ. ನಡುವೆ ಅಂಥ ಎರಡು ಗೋಡೆ. ಮುರಕಲ್ಲು ತೂತು ತೂತಿನ ಕಲ್ಲು, ಮಳೆಗಾಲದಲ್ಲಿ ನೀರು ಕುಡಿದು ಕೂತಿರುತ್ತದೆ, ಹೊರಗೋಡೆಯಿಂದ ಒಳಗೋಡೆಯ ಬುಡಕ್ಕೂ ಥಂಡಿ ಏರುತ್ತದೆ. ಒದ್ದೆ ಗೋಡೆ ಒಣ ಗೋಡೆಗಿಂತ ಜಾಸ್ತಿ ಸಿಗ್ನಲ್ ನುಂಗುತ್ತದೆ, ಅದರಲ್ಲೂ 5 ಗಿಗಾಹರ್ಟ್ಸ್‌ನದ್ದನ್ನು. ಮಳೆಯ ಹನಿ ಸಿಗ್ನಲನ್ನು ತಡೆಯುತ್ತದೆ ಅಂತಲ್ಲ, ಮನೆಯೊಳಗಿನ ದೂರಕ್ಕೆ ಅದು ಲೆಕ್ಕಕ್ಕೇ ಇಲ್ಲ. ಬೇಸಿಗೆಯಲ್ಲಿ ಹೇಗೋ ಹಾಯ್ದು ಬರುತ್ತಿದ್ದ 5 ಗಿಗಾಹರ್ಟ್ಸ್, ಜೂನ್ ನಂತರ ಹುಡುಗನ ಮೇಜಿನ ಹತ್ತಿರ 36 ಪರ್ಸೆಂಟ್‌ಗೆ ಇಳಿದಿತ್ತು. ವಿಂಡೋಸ್ ತೋರಿಸುವ ಪರ್ಸೆಂಟನ್ನು ಡಿಬಿಎಂಗೆ (ಸಿಗ್ನಲಿನ ಬಲದ ಅಳತೆ, ಸೊನ್ನೆಗೆ ಹತ್ತಿರ ಇದ್ದಷ್ಟು ಗಟ್ಟಿ) ತರಬೇಕಾದರೆ ಅರ್ಧ ಮಾಡಿ 100 ಕಳೆದರೆ ಆಯಿತು. 36 ಅಂದರೆ ಮೈನಸ್ 82. ಮೈನಸ್ 67ರ ಆಸುಪಾಸು ಇದ್ದರೆ ಮಾತುಕತೆ, ಆಟ ಎಲ್ಲ ಚೆನ್ನಾಗಿ ನಡೆಯುತ್ತದೆ. ಮೈನಸ್ 82 ಅಂದರೆ ಉಸಿರು ಹಿಡಿದುಕೊಂಡಿರುವ ಸ್ಥಿತಿ. ಹಾಗಾಗಿ ಕಂಪ್ಯೂಟರ್ ಅದನ್ನು ಬಿಟ್ಟು 2.4ಕ್ಕೆ ಹೋಗುತ್ತಿತ್ತು.

ಅದು ತಪ್ಪಲ್ಲ. 2.4ರ ಸಿಗ್ನಲ್ 82 ಪರ್ಸೆಂಟ್ ಇತ್ತು, ಅಂದರೆ ಮೈನಸ್ 59. ಗಟ್ಟಿ ಸಿಗ್ನಲ್. ಆದರೂ ಪ್ಯಾಕೆಟ್ ಸಾಯುತ್ತಿತ್ತು. ಇಲ್ಲಿ ನಾನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡೆ. ಸಿಗ್ನಲ್ ಕಡಿಮೆಯಾಗಿ ಪ್ಯಾಕೆಟ್ ಹೋದರೆ ಅರ್ಥವಾಗುತ್ತದೆ. ಸಿಗ್ನಲ್ ಚೆನ್ನಾಗಿದ್ದೂ ಹೋಗುತ್ತದೆ ಅಂದರೆ ಹತ್ತಿರದಲ್ಲಿ ಯಾವುದೋ ಗಲಾಟೆ ಮಾಡುತ್ತಿದೆ.

2.4ರ ಗಲಾಟೆ ಅಂದ ಕೂಡಲೇ ಎಲ್ಲರೂ ಕೊಡುವ ಸಲಹೆ ಚಾನೆಲ್, ಅಂದರೆ ಬ್ಯಾಂಡಿನೊಳಗಿನ ಪಾಲು, ಬದಲಿಸಿ, 1, 6, 11ರಲ್ಲಿ ಒಂದಕ್ಕೆ ಹೋಗಿ ಅಂತ. ಮಂಗಳೂರಿನ ಫ್ಲ್ಯಾಟಿನಲ್ಲಿ ಅದು ಸರಿಯಾದ ಸಲಹೆ, ಅಲ್ಲಿ ಒಂದು ಕೋಣೆಯಲ್ಲಿ ನಿಂತರೆ ಇಪ್ಪತ್ತು ಮನೆಯ ವೈಫೈ ಕಾಣುತ್ತದೆ. ಇಲ್ಲಿ ಪಕ್ಕದ ಮನೆ ತೋಟದ ಆಚೆ. ಸುತ್ತಲಿನ ವೈಫೈ ಪಟ್ಟಿ ತೆಗೆದರೆ ಇವರದ್ದು ಬಿಟ್ಟು ಒಂದೂ ಇಲ್ಲ. ಮನೆಯಲ್ಲಿ ಮೈಕ್ರೋವೇವ್ ಓವನ್ ಇಲ್ಲ. ಬ್ಲೂಟೂತ್ ಹೆಡ್‌ಫೋನ್ ಇತ್ತು, ಅದನ್ನು ಆಫ್ ಮಾಡಿ ನೋಡಿದೆವು, ವ್ಯತ್ಯಾಸ ಇಲ್ಲ. ಚಾನೆಲನ್ನೂ ಬದಲಿಸಿ ನೋಡಿದೆವು, ಆಗಲೂ ಅದೇ ಕತೆ. ಇದು ಒಂದು ಚಾನೆಲಿನ ಗಲಾಟೆ ಅಲ್ಲ, ಇಡೀ 2.4ನ್ನು ಮುಚ್ಚುವ ಗಲಾಟೆ.

ಆಗ ಜೀಪಿನ ಮಾತು ನೆನಪಾಯಿತು. ಆಟದಲ್ಲಿ ಜೀಪು ಹತ್ತಿದರೆ ಏನಾಗುತ್ತದೆ? ವೇಗವಾಗಿ ಹೋಗುವಾಗ ಮ್ಯಾಪಿನ ಹೊಸ ಹೊಸ ಭಾಗ ಎದುರಿಗೆ ಬರುತ್ತದೆ. ಮನೆ, ಮರ, ಗುಡ್ಡ, ಅವುಗಳ ಚಿತ್ರ ಎಲ್ಲವನ್ನೂ ಡಿಸ್ಕಿನಿಂದ ಓದಬೇಕು. ನಡೆದುಕೊಂಡು ಹೋದರೆ ನಿಧಾನಕ್ಕೆ ಓದಿದರೆ ಸಾಕು. ಜೀಪಿನಲ್ಲಿ ಹೋದರೆ ಒಮ್ಮೆಗೇ ರಾಶಿ ಓದಬೇಕು. "ಈ ಆಟ ಯಾವ ಡಿಸ್ಕಿನಲ್ಲಿ ಉಂಟು?" ಅಂತ ಕೇಳಿದೆ. "ಒಳಗಿನದ್ದು ತುಂಬಿತು ಭಾವ, ಬಿಸುವಿಗೆ ಒಂದು ಹೊರಗಿನ ಎಸ್‌ಎಸ್‌ಡಿ ತೆಗೊಂಡೆ, ಅದ್ರಲ್ಲಿ ಉಂಟು" ಅಂದ.

ಕ್ಯಾಬಿನೆಟ್ಟನ್ನು ಗೋಡೆಯಿಂದ ಎಳೆದು ಹಿಂದೆ ಟಾರ್ಚ್ ಹಾಕಿದೆ. ವೈಫೈಯ ಆ್ಯಂಟೆನಾ ನೆಲದ ಮೇಲೆ, ತಗಡಿನ ಕ್ಯಾಬಿನೆಟ್ಟಿಗೂ ಮುರಕಲ್ಲಿನ ಗೋಡೆಗೂ ನಡುವೆ ಮಗ್ಗುಲಾಗಿ ಬಿದ್ದಿತ್ತು. ಮದರ್‌ಬೋರ್ಡ್ ಜೊತೆ ಬರುವ, ಅಡಿಯಲ್ಲಿ ಮ್ಯಾಗ್ನೆಟ್ ಇರುವ ಆ ಕಪ್ಪು ರೆಕ್ಕೆಯಂಥದ್ದು. ಅದರ ಎರಡು ವಯರಿನಲ್ಲಿ ಒಂದರ ಸ್ಕ್ರೂ ಬೆರಳು ತಾಗಿಸಿದರೆ ತಿರುಗುವಷ್ಟು ಸಡಿಲ. ಆ್ಯಂಟೆನಾದ ಬೆನ್ನಿಗೇ ಒರಗಿಕೊಂಡು ಆ ಎಸ್‌ಎಸ್‌ಡಿ, ಅದರ ಗಿಡ್ಡ ವಯರು ಹಿಂದಿನ ನೀಲಿ ಯುಎಸ್‌ಬಿ ಪೋರ್ಟಿಗೆ. ಪಕ್ಕದ ಪೋರ್ಟಿನಲ್ಲಿ ವಯರ್‌ಲೆಸ್ ಮೌಸಿನ ಪುಟ್ಟ ರಿಸೀವರ್. ಎಲ್ಲದರ ಮೇಲೆ ಜೇಡರ ಬಲೆ. ಎಲ್ಲವೂ ಒಂದು ಗೇಣಿನೊಳಗೆ.

ಯುಎಸ್‌ಬಿ 3.0ರಲ್ಲಿ ಡೇಟಾ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುತ್ತದೆ. ಅಷ್ಟು ವೇಗದಲ್ಲಿ ಓಡುವಾಗ ಪೋರ್ಟಿನಿಂದಲೂ ವಯರಿನಿಂದಲೂ ರೇಡಿಯೋ ಗದ್ದಲ ಹೊರಗೆ ಸೋರುತ್ತದೆ, ಮತ್ತು ಅದು ಅಗಲವಾಗಿ ಹರಡಿರುವ ಕಾರಣ ವೈಫೈ ಕೆಲಸ ಮಾಡುವ 2.4 ಗಿಗಾಹರ್ಟ್ಸ್ ಜಾಗವನ್ನೂ ಪೂರ್ತಿ ಮುಚ್ಚುತ್ತದೆ. ಇದು ಹೊಸ ಸಂಗತಿಯೇನೂ ಅಲ್ಲ. ಇಂಟೆಲ್ 2012ರಲ್ಲೇ ಇದರ ಬಗ್ಗೆ ಅಳತೆ ಸಮೇತ ಒಂದು ಲೇಖನ ಹೊರಡಿಸಿತ್ತು. ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಜೋಡಿಸಿದಾಗ 2.4ರಲ್ಲಿ ಗದ್ದಲದ ಮಟ್ಟ ಸುಮಾರು 20 ಡೆಸಿಬೆಲ್ ಏರಿತ್ತು ಅಂತ ಅದರಲ್ಲಿದೆ. 20 ಡೆಸಿಬೆಲ್ ಅಂದರೆ ನೂರು ಪಟ್ಟು. ಒಳ್ಳೆಯ ಕವಚ ಇರುವ ವಯರಿನಲ್ಲಿ ಸೋರಿಕೆ ಕಡಿಮೆ, ಅಗ್ಗದ್ದರಲ್ಲಿ ಜಾಸ್ತಿ.

ಬಾಯಿಮಾತಿಗೆ ನಂಬುವುದು ಬೇಡ ಅಂತ ಅಲ್ಲೇ ಪರೀಕ್ಷೆ ಮಾಡಿದೆವು. ಆಟ ಮುಚ್ಚಿ, ವೈಫೈಯನ್ನು 2.4ರಲ್ಲೇ ನಿಲ್ಲಿಸಿ, ರೌಟರಿಗೆ ಪಿಂಗ್ ಹಾಕಿಟ್ಟೆವು. 3, 2, 3, 2. ಹೊರಗಿನ ಡಿಸ್ಕಿನಿಂದ ಒಂದು ದೊಡ್ಡ ಫೈಲನ್ನು ಒಳಗಿನದ್ದಕ್ಕೆ ಕಾಪಿ ಮಾಡಲು ಕೊಟ್ಟೆ. 41, 187, 610, ಟೈಮ್ಡ್ ಔಟ್, ಟೈಮ್ಡ್ ಔಟ್. ಕಾಪಿ ನಿಲ್ಲಿಸಿದೆ. 3, 2, 3. ಮತ್ತೆ ಶುರು ಮಾಡಿದೆ, ಮತ್ತೆ ಅದೇ. ಹುಡುಗನ ಮುಖ ನೋಡಬೇಕಿತ್ತು. ಅವನೇ ಮೌಸ್ ಕಸಿದುಕೊಂಡು ಕಾಪಿ ಕೊಡುವುದು, ನಿಲ್ಲಿಸುವುದು, ಕೊಡುವುದು ಮಾಡುತ್ತಾ ಕೂತ. ಹಾಗೆ ಮಾಡುವಾಗ ಇನ್ನೊಂದು ಕಂಡಿತು, ಕಾಪಿ ಓಡುತ್ತಿರುವಾಗ ಮೌಸಿನ ಬಾಣವೂ ತಡವರಿಸುತ್ತಿತ್ತು. "ಓ, ಇದಕ್ಕೆ ನಾನು ಹೊಸ ಬ್ಯಾಟರಿ ಹಾಕಿದ್ದೆ ಮಾರಾಯ್ರೆ!" ಅಂದ. ಆ ಮೌಸಿನ ರಿಸೀವರೂ 2.4ರಲ್ಲೇ ಕೆಲಸ ಮಾಡುವಂಥದ್ದು, ಅದಕ್ಕೂ ಅದೇ ಗದ್ದಲ ಬಡಿಯುತ್ತಿತ್ತು.

ಡಿಸ್ಕ್ ಕೊಂಡದ್ದು ಬಿಸುವಿಗೆ, ಅಂದರೆ ಏಪ್ರಿಲ್ ನಡುವೆ. ತೊಂದರೆ ಶುರುವಾದದ್ದು ಜೂನ್‌ನಲ್ಲಿ. ಹಾಗಾಗಿ ಡಿಸ್ಕಿನ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಮಳೆ ಬರುವ ತನಕ ಕಂಪ್ಯೂಟರ್ 5ರಲ್ಲಿತ್ತು, ಅಲ್ಲಿಗೆ ಆ ಗದ್ದಲ ತಟ್ಟುತ್ತಿರಲಿಲ್ಲ. ಗೋಡೆ ಒದ್ದೆಯಾಗಿ ಅದು 2.4ಕ್ಕೆ ಇಳಿದ ಮೇಲೆ ಡಿಸ್ಕಿನ ಬಾಯಿಗೆ ಬಿತ್ತು. ಅಜ್ಜಿಯೂ ಸರಿ, ಹುಡುಗನೂ ಸರಿ.

ಸರಿಪಡಿಸುವ ಕೆಲಸದಲ್ಲಿ ಮೊದಲಿನದ್ದಕ್ಕೆ ಖರ್ಚೇ ಇಲ್ಲ. ಆ್ಯಂಟೆನಾದ ಸ್ಕ್ರೂ ಎರಡನ್ನೂ ಬಿಗಿ ಮಾಡಿ ಮೇಜಿನ ಮೇಲೆ, ಕ್ಯಾಬಿನೆಟ್ಟಿನಿಂದ ದೂರ, ಬಾಗಿಲಿನ ಕಡೆಗೆ ಇಟ್ಟೆವು. ಗೋಡೆಯ ಮೂಲಕ ಬರುವುದಕ್ಕಿಂತ ಬಾಗಿಲಿನಿಂದ ಬರುವ ಸಿಗ್ನಲ್ ಯಾವತ್ತೂ ಒಳ್ಳೆಯದು. ಡಿಸ್ಕನ್ನು ಮುಂದಿನ ಪೋರ್ಟಿಗೆ ಹಾಕಿ, ಮೌಸಿನ ರಿಸೀವರನ್ನು ಒಂದು ಯುಎಸ್‌ಬಿ 2 ಎಕ್ಸ್‌ಟೆನ್ಷನ್ ವಯರಿನಲ್ಲಿ ಮೇಜಿನ ಮೇಲೆ ತಂದೆವು. ಚಾವಡಿಯಲ್ಲಿ ರೌಟರನ್ನು ಟಿವಿಯ ಹಿಂದಿನಿಂದ ತೆಗೆದು ಶೋಕೇಸಿನ ಮೇಲೆ ಇಟ್ಟೆವು. ಅಲ್ಲಿಟ್ಟರೆ ಚಂದ ಕಾಣುವುದಿಲ್ಲ ಅಂತ ಅತ್ತೆಗೆ ಬೇಸರ. ಅದು ನ್ಯಾಯವೇ. 5 ಗಿಗಾಹರ್ಟ್ಸ್ 36ರಿಂದ 54 ಪರ್ಸೆಂಟ್‌ಗೆ ಏರಿತು.

ಆಮೇಲೆ ರೌಟರಿನಲ್ಲಿ ಎರಡು ಬ್ಯಾಂಡಿಗೂ ಬೇರೆ ಬೇರೆ ಹೆಸರು ಕೊಟ್ಟು, ಕಂಪ್ಯೂಟರಿಗೆ 5ರ ಹೆಸರನ್ನು ಮಾತ್ರ ಕೊಟ್ಟೆ. ಚಾನೆಲಿನ ಅಗಲವನ್ನು 80 ಮೆಗಾಹರ್ಟ್ಸ್‌ನಿಂದ 40ಕ್ಕೆ ಇಳಿಸಿದೆ. ಅಗಲ ಕಡಿಮೆಯಾದರೆ ಒಳಗೆ ಬರುವ ಗದ್ದಲವೂ ಅರ್ಧ, ಸೊರಗಿದ ಸಿಗ್ನಲಿಗೆ ಅದು ದೊಡ್ಡ ಉಪಕಾರ. ಚಾನೆಲನ್ನು ಆಟೋದಿಂದ ತೆಗೆದು 36ಕ್ಕೆ ನಿಲ್ಲಿಸಿದೆ. 52ರಿಂದ 144ರ ತನಕದ ಚಾನೆಲುಗಳನ್ನು ರಾಡಾರ್ ಜೊತೆ ಹಂಚಿಕೊಳ್ಳಬೇಕು, ರಾಡಾರ್ ಸುಳಿವು ಸಿಕ್ಕಿದರೆ ರೌಟರ್ ಆ ಕ್ಷಣವೇ ಜಾಗ ಖಾಲಿ ಮಾಡಬೇಕು. ಆಟದ ನಡುವೆ ಆ ತಲೆಬಿಸಿ ಯಾಕೆ?

ದೊಡ್ಡ ತೊಂದರೆ ಹೋಯಿತು. ಜೀಪು ಓಡಿತು. ಆದರೆ ಹುಡುಗರಿಗೆ ಒಮ್ಮೆ ಪಿಂಗ್ ನೋಡುವ ಚಟ ಹಿಡಿದರೆ ಬಿಡುವುದಿಲ್ಲ. ಆಗಾಗ ಒಂದು ಸಣ್ಣ ಏರಿಕೆ, 2 ಇದ್ದದ್ದು ಒಮ್ಮೆ 90, ಮತ್ತೆ ಸರಿ, ಬಹುತೇಕ ಒಂದೇ ಅಂತರದಲ್ಲಿ ಬರುತ್ತಿದೆ ಅಂತ ಕಳಿಸಿದ. ಇಷ್ಟು ನೇಮದಲ್ಲಿ ಬರುವುದಾದರೆ ಅದು ಗೋಡೆಯದ್ದೂ ಅಲ್ಲ, ಮಳೆಯದ್ದೂ ಅಲ್ಲ, ಸಾಫ್ಟ್‌ವೇರಿನ ಕೆಲಸ. ಯಾವುದೋ ಆ್ಯಪು ನಾವು ಎಲ್ಲಿದ್ದೇವೆ ಅಂತ ವಿಂಡೋಸನ್ನು ಕೇಳುತ್ತಿರುತ್ತದೆ. ವಿಂಡೋಸ್ ಅದಕ್ಕೆ ಸುತ್ತಲಿನ ವೈಫೈಗಳನ್ನು ಹುಡುಕುತ್ತದೆ. ಹುಡುಕಲು ಕಾರ್ಡು ತನ್ನ ಚಾನೆಲ್ ಬಿಟ್ಟು ಬೇರೆ ಚಾನೆಲುಗಳಿಗೆ ಹೋಗಿ ಬರಬೇಕು, ಆ ಹೊತ್ತಿಗೆ ಆಟದ ಪ್ಯಾಕೆಟ್ ಕಾಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿಗೆ ಹೋಗಿ ಲೊಕೇಶನ್ ಆಫ್ ಮಾಡು ಅಂದೆ. ಆ ಏರಿಕೆ ನಿಂತಿತು. ಒಂದು ವಿಷಯ, ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಸುತ್ತಲಿನ ವೈಫೈ ಪಟ್ಟಿ ತೋರಿಸುವ ಕಮಾಂಡಿಗೆ ಲೊಕೇಶನ್ ಆನ್ ಇರಬೇಕು. ಹಾಗಾಗಿ ಪರೀಕ್ಷೆ ಎಲ್ಲ ಮುಗಿದ ಮೇಲೆ ಆಫ್ ಮಾಡಿ.

ಇಷ್ಟರಲ್ಲೇ ಬಿಡಬಹುದಿತ್ತು. ಆದರೆ 54 ಪರ್ಸೆಂಟ್ ಅಂದರೆ ಮೈನಸ್ 73, ಆಟಿಯ ಮಳೆ ಒಂದು ವಾರ ಬಿಡದೆ ಹೊಡೆದರೆ ಮತ್ತೆ ಎಲ್ಲಿಗೆ ಇಳಿಯುತ್ತದೋ. ನಿಂತಲ್ಲೇ ನಿಂತಿರುವ ಕಂಪ್ಯೂಟರಿಗೆ ವಯರು ಎಳೆಯುವುದೇ ಸರಿ ಅನ್ನುವುದು ನನ್ನ ಅಭಿಪ್ರಾಯ, ಯಾವ ರೌಟರ್ ಬಂದರೂ ಈ ಅಭಿಪ್ರಾಯ ಬದಲಾಗಿಲ್ಲ.

ಮಾವ ಒಪ್ಪಲಿಲ್ಲ. "ಮೊದ್ಲು ಟೆಲಿಫೋನ್ ವಯರಿದ್ದಾಗ ಸಿಡಿಲಿಗೆ ಮೋಡೆಮ್ ಸುಟ್ಟು ಹೋಗಿತ್ತು. ಈಗ ಎಲ್ಲ ಗಾಜಿನ ವಯರು ಮಾಡಿ ಆಯ್ತು, ನೀನು ಪುನಃ ತಾಮ್ರ ಎಳೀತೀಯ?" ಅವರ ಹೆದರಿಕೆ ಸುಳ್ಳಲ್ಲ. ನಮ್ಮಲ್ಲಿ ಏಪ್ರಿಲ್, ಮೇಯಲ್ಲೂ ಮತ್ತೆ ಅಕ್ಟೋಬರ್, ನವೆಂಬರಿನಲ್ಲೂ ಬರುವ ಗುಡುಗು ಸಿಡಿಲು ಎಂಥದ್ದು ಅಂತ ಇಲ್ಲಿ ಇದ್ದವರಿಗೇ ಗೊತ್ತು, ಮೋಡ ಕಟ್ಟಿದರೆ ಮನೆಮನೆಯಲ್ಲಿ ಪ್ಲಗ್ ಕೀಳುವುದೇ ಕೆಲಸ. ಆದರೆ ಟೆಲಿಫೋನ್ ವಯರು ಕಿಲೋಮೀಟರ್‌ಗಟ್ಟಲೆ ಹೊರಗೆ ಕಂಬದ ಮೇಲೆ ಬರುತ್ತಿತ್ತು. ಇದು ಮನೆಯ ಒಳಗೇ, ಅಟ್ಟದಲ್ಲಿ ಹೋಗುವ ವಯರು. ಸಿಡಿಲಿನ ಭಯ ಪೂರ್ತಿ ಇಲ್ಲ ಅಂತ ನಾನು ಹೇಳುವುದಿಲ್ಲ, ಕರೆಂಟಿನ ವಯರಿನಿಂದಲೂ ಬರಬಹುದು. ಮೋಡ ಬಂದಾಗ ಪ್ಲಗ್ ಜೊತೆ ಈ ವಯರಿನ ಎರಡೂ ತುದಿ ಕೀಳಬೇಕು ಅನ್ನುವ ಷರತ್ತಿನ ಮೇಲೆ ಮಾವ ಒಪ್ಪಿದರು. ಮನೆಯ ಹೊರಗೋಡೆಯ ಮೇಲೆ ಎಳೆಯುವುದು ಬೇಡ ಅಂತ ನಾನೂ ಮೊದಲೇ ಅಂದುಕೊಂಡಿದ್ದೆ.

ಅಟ್ಟದಲ್ಲಿ ಇಲಿ. ಹಾಗಾಗಿ ವಯರನ್ನು ಸುಮ್ನೆ ಬಿಡುವ ಹಾಗಿಲ್ಲ, ಕರೆಂಟಿನ ಕೆಲಸದವರು ಬಳಸುವ ಪಿವಿಸಿ ಪೈಪಿನೊಳಗೆ ಹಾಕಿ ಪಕ್ಕಾಸಿನ ಉದ್ದಕ್ಕೆ ಕ್ಲಿಪ್ಪು ಹೊಡೆದೆವು. ವಯರು ಕೊಳ್ಳುವಾಗ ಒಂದು ಎಚ್ಚರ ಬೇಕು. ಕ್ಯಾಟ್ 6 (ನೆಟ್ವರ್ಕ್ ವಯರಿನ ಒಂದು ದರ್ಜೆ) ಅಂತ ಬರೆದಿದ್ದರೂ ಒಳಗೆ ಪೂರ್ತಿ ತಾಮ್ರ ಇರುತ್ತದೆ ಅಂತ ಇಲ್ಲ, ಅಲ್ಯೂಮಿನಿಯಂ ಮೇಲೆ ತಾಮ್ರದ ತೆಳು ಪದರ ಕೊಟ್ಟದ್ದೂ ಅದೇ ಹೆಸರಿನಲ್ಲಿ ಸಿಗುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಬೆಳ್ಳಗೆ ಕಂಡರೆ ಬೇಡ. ಅಂಥದ್ದು ಎರಡು ಸಲ ಬಗ್ಗಿಸಿದರೆ ಪಟಕ್ಕನೆ ಮುರಿಯುತ್ತದೆ.

ತುದಿಗೆ ಪ್ಲಗ್ ಹಾಕಿದ್ದು ಹುಡುಗ, ಕಲಿಯಬೇಕು ಅಂತ. ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಬಾಯಿಪಾಠ ಮಾಡಿಕೊಂಡು ಎಂಟು ಎಳೆಯನ್ನೂ ಸಾಲಾಗಿ ತೂರಿಸಿ ಕ್ರಿಂಪ್ ಮಾಡಿದ. ಕನೆಕ್ಷನ್ ಬಂತು, ಪಿಂಗ್ 1 ಮಿಲಿಸೆಕೆಂಡಿನ ಒಳಗೆ. ಆದರೆ ಸ್ಪೀಡು 95ರಲ್ಲೇ ನಿಂತಿತ್ತು. ಲಿಂಕ್ ನೋಡಿದರೆ 1000 ಇರಬೇಕಾದ ಕಡೆ 100. 100ಕ್ಕೆ ಎರಡು ಜೋಡಿ ಎಳೆ ಸಾಕು, 1000ಕ್ಕೆ ನಾಲ್ಕೂ ಬೇಕು. ಕಂದು ಎಳೆ ಪ್ಲಗ್ಗಿನ ತುದಿಯ ತನಕ ಹೋಗಿರಲಿಲ್ಲ. ಕತ್ತರಿಸಿ ಮತ್ತೆ ಹಾಕಿದ, ಸರಿಯಾಯಿತು.

ವಯರು ಬಂದ ಮೇಲೂ ಒಂದು ಭಾನುವಾರ ಅವನ ಫೋನು ಬಂತು, ಮತ್ತೆ ನಿಲ್ಲುತ್ತಿದೆ ಅಂತ. ಎರಡು ಕಿಟಕಿ ತೆರೆದು ಏನು ಕಾಣುತ್ತದೆ ಹೇಳು ಅಂದೆ. ರೌಟರಿನದ್ದು 1, ಹೊರಗಿನದ್ದು 150ರ ಮೇಲೆ. ಈ ಸಲ ಕತೆ ಬೇರೆ ಅಲ್ವಾ, ಒಳಗಿನ ದಾರಿ ಸರಿ ಇದೆ. ಮನೆಗೆ ನೆಂಟರು ಬಂದಿದ್ದರು, ಒಂದಷ್ಟು ಫೋನುಗಳು ವೈಫೈ ಸಿಕ್ಕಿದ ಕೂಡಲೇ ಮದುವೆಯ ವಿಡಿಯೋಗಳನ್ನೆಲ್ಲ ಕ್ಲೌಡಿಗೆ ಏರಿಸುತ್ತಿದ್ದವು. ಹೊರಗೆ ಹೋಗುವ ದಾರಿ ತುಂಬಿ, ಆಟದ ಸಣ್ಣ ಪ್ಯಾಕೆಟ್ ರೌಟರಿನ ಸಾಲಿನಲ್ಲಿ ಹಿಂದೆ ನಿಲ್ಲಬೇಕಾಗಿತ್ತು. ಯಾರ ಪ್ಯಾಕೆಟ್ ಮೊದಲು ಅಂತ ಗೊತ್ತುಮಾಡುವ ರೌಟರಿನ ಕ್ಯೂಓಎಸ್‌ನಲ್ಲಿ ಅಪ್‌ಲೋಡನ್ನು ಸಿಗುವ ವೇಗದ 85 ಪರ್ಸೆಂಟ್‌ಗೆ ಮಿತಿ ಮಾಡಿ, ಅವನ ಕಂಪ್ಯೂಟರನ್ನು ಮೇಲಿಟ್ಟೆವು. 150 ಇಳಿದು ಮೊದಲಿನ ಜಾಗಕ್ಕೆ ಬಂತು.

ಪಿಂಗ್ ಆ್ಯಪಿನ ಆಟೋಪೇ ಹುಡುಗನೇ ನಿಲ್ಲಿಸಿದ. 200ರ ಪ್ಲಾನ್ ಯಾಕೆ ಬೇಕು ಅಂತ ಮಾವ ಕೇಳಿದರು. ಆಟಕ್ಕೆ ಬೇಡ ಅಂತ ನಾನು ಹೇಳಿದೆ, ಹುಡುಗ ನನ್ನನ್ನು ಕೆಕ್ಕರಿಸಿ ನೋಡಿದ. ಅವನ ಲೆಕ್ಕ ಬೇರೆ. 100 ಜಿಬಿಯ ಒಂದು ಹೊಸ ಆಟ ಇಳಿಸಲು 200ರಲ್ಲಿ ಒಂದು ಗಂಟೆ ಚಿಲ್ಲರೆ, 100ರಲ್ಲಿ ಎರಡು ಗಂಟೆಯ ಮೇಲೆ. "ಎರಡು ಗಂಟೆ ಪುಸ್ತಕ ಓದು" ಅಂದರು ಮಾವ. ಮುಂದಿನ ತಿಂಗಳ ಬಿಲ್ಲಿಗೆ ಪ್ಲಾನ್ 100ಕ್ಕೆ ಇಳಿಯಿತು, ಹುಡುಗ ಈಗ ಡೌನ್‌ಲೋಡ್ ಹಾಕಿಟ್ಟು ಮಲಗುತ್ತಾನೆ.